ಬುಧವಾರದ ಠರಾವು

ಹುಮನಾಬಾದಿನಲ್ಲಿ ಕಲ್ಯಾಣದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತ ಮೇಲೆಯೇ ಸತೀಶಕುಮಾರನಿಗೆ ತಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದೇನೆ ಎಂಬುದು ಮತ್ತೆ ನೆನಪಾಯಿತು. ಬೆಳಿಗ್ಗೆ ಹೆಂಡತಿ ಮನೀಷಾ ಅದನ್ನು ನೋಡಿ ನಕ್ಕಿದ್ದಳು. "ಕೊಹಿನೂರಿಗೆ ಹೋಗೂ ದಿನಾ ಬಂತಂದ್ರ ನಿಮಗ ಇಸ್ತ್ರಿ ಅಂಗಿನೇ ಬೇಕು. ನಮ್ಮ ತವರಿಗೆ ಬರೂ ಮುಂದ ಯಾವುದಾದ್ರೂ ನಡೀತದ" ಎಂದು ಹೇಳಿ ಚಹಾದ ಕಪ್ಪು ಕೈಗೆ ಕೊಟ್ಟಿದ್ದಳು. ಮಾತಿನಲ್ಲಿ ಮುಳ್ಳಿರಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ಹೆಂಗಸು ಗಂಡನ ಸಣ್ಣತನಗಳನ್ನೆಲ್ಲ ಎಣಿಸಿಟ್ಟುಕೊಂಡು, ಯಾವುದನ್ನೂ ದೊಡ್ಡದು ಮಾಡದೆ ಬಿಟ್ಟಿರುವ ದನಿ ಅದು. ಆದರೂ ಅವನಿಗೆ ಯಾಕೋ ಕಸಿವಿಸಿಯಾಗಿತ್ತು. ಈಗ ಬಸ್ಸು ಹೆದ್ದಾರಿಗೆ ಬಿದ್ದು, ಎರಡೂ ಕಡೆ ತೊಗರಿ ಕೊಯ್ದ ಹೊಲಗಳು ಬೋಳು ಬೋಳಾಗಿ ಹಿಂದೆ ಸರಿಯುತ್ತಿರುವಾಗ, ತೊಡೆಯ ಮೇಲಿದ್ದ ಹಸಿರು ಫೈಲಿನ ಮೇಲೆ ಕೈಯಿಟ್ಟುಕೊಂಡು, ಆ ಕಸಿವಿಸಿ ಅಂಗಿಯದಲ್ಲ, ಫೈಲಿನ ಏಳನೆಯ ಪುಟದಲ್ಲಿರುವ ಒಂದು ಅಂಕಿಯದು ಎಂದು ತನಗೆ ತಾನೇ ಒಪ್ಪಿಕೊಂಡ. ಹೋದ ವರ್ಷ ಇದೇ ಮಾಘದಲ್ಲಿ ಅವನು ಅಲ್ಲಿ ಎರಡು ಎಂದು ಬರೆದಿದ್ದ. ಮೂರು ಬರೆಯಬೇಕಿತ್ತು.

ಆ ಪುಟ ಹೊರದೇಶದ ದಾನಿಸಂಸ್ಥೆ ಕಳಿಸಿದ ತಖ್ತೆ, ತುಂಬಿ ಕೊಡಬೇಕಾದ ನಮೂನೆ. ಹಳ್ಳಿಯ ಸಂಘಗಳು ಎಷ್ಟರಮಟ್ಟಿಗೆ ತಮ್ಮ ಕಾಲ ಮೇಲೆ ತಾವು ನಿಂತಿವೆ ಎಂದು ಒಂದರಿಂದ ನಾಲ್ಕರವರೆಗೆ ಅಂಕ ಹಾಕಿ ತೋರಿಸಬೇಕು. ಹಾಜರಿ, ದಫ್ತರ, ಸದಸ್ಯರ ಭಾಗವಹಿಸುವಿಕೆ, ಹೀಗೆ ಹನ್ನೆರಡು ಕಲಮು. ಎಲ್ಲದರಲ್ಲೂ ಮೂರು ಬಂದರೆ ಆ ಸಂಘ ಸ್ವತಂತ್ರ. ಆಮೇಲೆ ದಾನಿಸಂಸ್ಥೆ ನೇರವಾಗಿ ಸಂಘದ ಜೊತೆಗೇ ವ್ಯವಹರಿಸುತ್ತದೆ, ನಡುವೆ ಅವನು ಕೆಲಸ ಮಾಡುವ ಹುಮನಾಬಾದಿನ ಸಂಸ್ಥೆಯೂ ಬೇಡ, ಪ್ರತಿ ಬುಧವಾರ ಬಂದು ಸಂಘಕ್ಕೆ ಕಲಿಸುವ ಸತೀಶಕುಮಾರನೂ ಬೇಡ. ಕೊಹಿನೂರು ಹಳ್ಳಿಯ ಹೆಂಗಸರ ಬೇಳೆ ಸಂಘಕ್ಕೆ ಹೋದ ವರ್ಷವೇ ಹನ್ನೊಂದು ಕಲಮಿನಲ್ಲಿ ಮೂರು ಬಂದಿತ್ತು. ಉಳಿದದ್ದು ಏಳನೆಯದು, ಸ್ವಂತ ನಿರ್ಧಾರ ತೆಗೆದುಕೊಳ್ಳುವ ಶಕ್ತಿ. ಅವತ್ತು ಸಂಘದ ಇಪ್ಪತ್ತೊಂದು ಹೆಂಗಸರೂ ಚಾಪೆಯ ಮೇಲೆ ಕೂತು ಅವನ ಪೆನ್ನನ್ನೇ ನೋಡುತ್ತಿದ್ದರು. ಅವನು ಎರಡು ಬರೆದು, "ಇನ್ನಷ್ಟು ಕಲೀಬೇಕ್ರಿ, ಮುಂದಿನ ವರ್ಷ ಆಗ್ತದ" ಎಂದು ನಕ್ಕಿದ್ದ. ಆ ಒಂದು ಅಂಕಿಯಿಂದ, ದಾನಿಸಂಸ್ಥೆ ಕೊಡಲಿದ್ದ ಬೇಳೆ ಮಾಡುವ ಗಿರಣಿ ಒಂದು ವರ್ಷ ಹಿಂದೆ ಬಿತ್ತು. ಗಿರಣಿ ಬರುವುದು ಸಂಘ ಸ್ವತಂತ್ರವಾದ ಮೇಲೆಯೇ. ಈ ಒಂದು ವರ್ಷ ಅವರು ಮತ್ತೆ ಬೀಸುಕಲ್ಲು ತಿರುಗಿಸಿದರು. ಸಂಘದ ಅಧ್ಯಕ್ಷೆ ಧೂಳಮ್ಮನ ಬಲಗೈ ಮಣಿಕಟ್ಟಿಗೆ ದೀಪಾವಳಿಯಿಂದ ಒಂದು ಹಳೆಯ ಸೀರೆಯ ತುಂಡು ಕಟ್ಟಿದೆ. ಅದನ್ನು ನೋಡಿದಾಗಲೆಲ್ಲ ಅವನು ಬೇರೆ ಕಡೆ ನೋಡುತ್ತಾನೆ.

ಯಾಕೆ ಹಾಗೆ ಮಾಡಿದೆ ಎಂದು ಕೇಳಿಕೊಂಡರೆ ಉತ್ತರವಿತ್ತು, ಆದರೆ ಅದನ್ನು ಯಾರ ಮುಂದೆಯೂ ಹೇಳುವಂತಿರಲಿಲ್ಲ. ಸಂಸ್ಥೆಯ ಕಚೇರಿಯಲ್ಲಿ ಅವನ ಮೇಜು ಝೆರಾಕ್ಸ್ ಯಂತ್ರದ ಪಕ್ಕದಲ್ಲಿದೆ. ಅಲ್ಲಿ ಅವನನ್ನು ಕರೆಯುವುದು ಹಾಳೆ ಸಿಕ್ಕಿಹಾಕಿಕೊಂಡಾಗ ಮಾತ್ರ. ಹೈದರಾಬಾದಿನ ತರಬೇತಿಯಲ್ಲಿ ಸಾಮರ್ಥ್ಯ ಬೆಳೆಸುವುದೆಂದರೇನು ಎಂದು ಕೇಳಿದಾಗ, ಇಂಗ್ಲಿಷು ತಡವರಿಸಿ ಕೊನೆಗೆ ಹಿಂದಿಯಲ್ಲಿ, ನಾವು ಇಲ್ಲದಿದ್ದರೂ ಅವರು ನಡೆಯುವಂತೆ ಆಗುವುದು ಎಂದಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅಂಥ ಮಾತು ಆಡಿದವನೇ ಕೊಹಿನೂರಿಗೆ ಬಂದು ನೀಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಾಗ, ಇಲ್ಲಿ ನಾನಿಲ್ಲದಿದ್ದರೆ ನಡೆಯಬಾರದು ಎಂದು ಒಳಗೊಳಗೇ ಆಸೆಪಡುತ್ತಿದ್ದ. ಬುಧವಾರ ಬುಧವಾರ ಅವನಿಗಾಗಿ ಆ ಕುರ್ಚಿಯನ್ನು ಒರೆಸಿ ಇಟ್ಟಿರುತ್ತಿದ್ದರು. ಅವನು ಬರುವುದು ಹತ್ತು ನಿಮಿಷ ತಡವಾದರೆ ಕಾರ್ಯದರ್ಶಿ ಗಜಾಲಾ ಫೋನು ಮಾಡಿ, ಎಲ್ಲಿದ್ದೀರಿ ಎಂದು ವಿಚಾರಿಸುತ್ತಿದ್ದಳು. ಹೀಗೆ ತನ್ನ ದಾರಿ ಕಾಯುವ ಇನ್ನೊಂದು ಜಾಗ ಹುಮನಾಬಾದಿನಲ್ಲಿ ಇಲ್ಲ, ಹುಟ್ಟಿದೂರು ಹುಡಗಿಯಲ್ಲೂ ಇಲ್ಲ. ನಲವತ್ತೆಂಟು ವರ್ಷದ ಗಂಡಸು ಇಷ್ಟಕ್ಕಾಗಿ ಇಪ್ಪತ್ತೊಂದು ಮಂದಿಯ ಕೈಗೆ ಇನ್ನೊಂದು ವರ್ಷ ಬೀಸುಕಲ್ಲು ಕೊಟ್ಟನಲ್ಲ ಎಂದು ಯೋಚಿಸಿದಾಗ ಅವನಿಗೆ ತನ್ನ ಮೇಲೆ ಹೇಸಿಕೆಯಾಯಿತು. ಬಸ್ಸಿನ ಮುಂದಿನ ಸೀಟಿನಲ್ಲಿ ಯಾರೋ ಕಡಲೆ ಗಿಡ ಸುಲಿದು ಹಸಿಕಾಳು ತಿನ್ನುತ್ತ ಸಿಪ್ಪೆಯನ್ನು ಕಿಟಕಿಯಾಚೆ ಚೆಲ್ಲುತ್ತಿದ್ದರು. ಸಸ್ತಾಪೂರ ಬಂಗ್ಲಾ ನಿಲ್ದಾಣ ಬಂತು.

ಇವತ್ತು ಗುರುವಾರ. ಅವನ ದಿನವಲ್ಲ. ದಾನಿಸಂಸ್ಥೆಯ ಕಡೆಯಿಂದ ಸರ್ವರಿ ಮೇಡಂ ತಾವೇ ಹೈದರಾಬಾದಿನಿಂದ ಕಾರಿನಲ್ಲಿ ಬಂದು ಸಂಘವನ್ನು ಪರೀಕ್ಷಿಸುವವರಿದ್ದರು. ಈ ಸಲ ಅಂಕ ಹಾಕುವವರು ಅವರು. ಇವನು ಬರೀ ನಡುವೆ ಕೂತು, ಬೇಕಾದಲ್ಲಿ ಕನ್ನಡವನ್ನು ಹಿಂದಿಗೆ ತಿರುಗಿಸಬೇಕು. ಇದು ಗೊತ್ತಾದಾಗ ಅವನಿಗೆ ಒಂಥರಾ ನೆಮ್ಮದಿಯಾಗಿತ್ತು. ಮೂರು ಬರಲಿ, ನನ್ನ ಕೈಯಿಂದಲ್ಲದಿದ್ದರೂ ಬರಲಿ, ಆ ಎರಡನ್ನು ಯಾರೂ ಕೆದಕದೆ ಮುಚ್ಚಿಹೋಗಲಿ. ನಿನ್ನೆ, ಬುಧವಾರ, ಅವನು ಜ್ವರವೆಂದು ನೆಪ ಹೇಳಿ ಹೋಗಿರಲಿಲ್ಲ. ಕೊನೆಯ ಬುಧವಾರ ಅದೇ ಆಗಬಹುದೆಂದು ಅನ್ನಿಸಿ, ಹೋಗಿ ಅವರ ಮುಖ ನೋಡುವುದು ಆಗಿರಲಿಲ್ಲ. ಕಲ್ಯಾಣದಲ್ಲಿ ಇಳಿದು, ಕೊಹಿನೂರಿನ ಟಂಟಂ ಆಟೋ ತುಂಬುವವರೆಗೆ ಕಾಯುತ್ತ ನಿಂತಾಗ, ಎರಡು ತಿಂಗಳ ಹಿಂದೆ ಧೂಳಮ್ಮ ಕೇಳಿದ ಮಾತು ನೆನಪಾಯಿತು. ನಾವು ಪಾಸಾದ್ರ ನಿಮ್ಮ ಗತಿ ಏನ್ರಿ ಎಂದು ಕೇಳಿದ್ದಳು. ನಂದೇನು, ಮನ್ಯಾಗ ಕುಂತು ಹೆಂಡತಿ ಕೈಲಿ ಬೈಸಿಕೋತೀನಿ ಎಂದು ಅವನು ಹಾಸ್ಯ ಮಾಡಿದ್ದ. ಎಲ್ಲರೂ ನಕ್ಕಿದ್ದರು. ನಿರ್ಣಾ ಹಳ್ಳಿಯಲ್ಲಿ ಹೊಸ ಸಂಘ ಕಟ್ಟಲು ತನ್ನನ್ನು ಕಳಿಸುತ್ತಾರೆ, ನೌಕರಿಗೆ ಏನೂ ಆಗುವುದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ತನ್ನ ಬಗ್ಗೆ ಯಾರಾದರೂ ಒಂದಿಷ್ಟು ಮರುಗಲಿ ಎಂದು ಅನ್ನಿಸಿತ್ತೋ ಏನೋ.

ಸಂಘದ ಕೋಣೆಯೆಂದರೆ ಹಳೆಯ ಉಗ್ರಾಣ. ಕಲ್ಲಿನ ಗೋಡೆ, ಮೇಲೆ ತಗಡು, ಮೂಲೆಯಲ್ಲಿ ತೊಗರಿಯ ಚೀಲಗಳ ಒಟ್ಟು. ಅವನು ಹೋಗುವ ಹೊತ್ತಿಗೆ ಸರ್ವರಿ ಮೇಡಂ ಬಂದು ನೀಲಿ ಕುರ್ಚಿಯಲ್ಲಿ ಕೂತಿದ್ದರು. ಐವತ್ತರ ಹತ್ತಿರದ, ಬಿಳಿ ಕೂದಲನ್ನು ಹಾಗೇ ಬಿಟ್ಟ, ಮೆಲುದನಿಯ ಹೆಂಗಸು. ಅವನಿಗೆ ಯಾರೂ ಬೇರೆ ಕುರ್ಚಿ ತರಲಿಲ್ಲ, ಅವನು ಚಾಪೆಯ ತುದಿಯಲ್ಲಿ ಕೂತ. ಜ್ವರ ಹೇಗಿದೆ ಎಂದು ಧೂಳಮ್ಮ ಕೇಳಿದಾಗ, ಇಳಿದಿದೆ ಎಂದು ಸುಳ್ಳಿಗೆ ಇನ್ನೊಂದು ಸುಳ್ಳು ಸೇರಿಸಿದ. ಹೆಂಗಸರೆಲ್ಲ ಒಗೆದ ಸೀರೆ ಉಟ್ಟು, ತಲೆ ಬಾಚಿ, ಸಾಲಾಗಿ ಕೂತಿದ್ದರು. ಆದರೆ ಯಾರೂ ಅವನ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಮೇಡಂ ಹಿಂದಿಯಲ್ಲಿ ಮೊದಲ ಪ್ರಶ್ನೆ ಕೇಳಿದರು, ಸಂಘದ ಸಭೆ ಯಾವಾಗ ಸೇರುತ್ತದೆ ಎಂದು. ಗಜಾಲಾ ದಕ್ಕಣಿ ಉರ್ದುವಿನಲ್ಲಿ, ಸರ್ ಬಂದಾಗ ಎಂದಳು. ಅಧ್ಯಕ್ಷರು ಯಾರು ಎಂದು ಕೇಳಿದರೆ ಧೂಳಮ್ಮ ಪಕ್ಕದ ಮೀರಾಬಾಯಿಯ ಮುಖ ನೋಡಿದಳು, ಮೀರಾಬಾಯಿ ಗಜಾಲಾಳ ಮುಖ ನೋಡಿದಳು. ನಿಯಮಾವಳಿ ಎಲ್ಲಿದೆ? ಸರ್ ಹತ್ತಿರ ಇದೆ. ಒಬ್ಬ ಸದಸ್ಯೆ ಒಪ್ಪದಿದ್ದರೆ ಏನು ಮಾಡುತ್ತೀರಿ? ಸರ್‌ನ ಕೇಳುತ್ತೇವೆ. ಸರ್ ಇಲ್ಲದಿದ್ದರೆ? ಧೂಳಮ್ಮ, "ಸರ್ ಇಲ್ಲಂದ್ರ ನಮಗ ಏನೂ ತಿಳಿಯಂಗಿಲ್ರಿ ಬಾಯಿ" ಎಂದು ನೆಲ ನೋಡುತ್ತ ಹೇಳಿದಳು.

ಅವನಿಗೆ ಮೊದಲು ಬಂದದ್ದು ಸಿಟ್ಟು. ಮೂರು ವರ್ಷ ಗಂಟಲು ಹರಿದುಕೊಂಡು ಕಲಿಸಿದ್ದು ಇದೇನಾ? ರೇಷನ್ ಅಂಗಡಿಯವನು ಎರಡು ತಿಂಗಳು ಬೇಳೆ ಕೊಡದಿದ್ದಾಗ ಒಬ್ಬಳೇ ತಹಸೀಲ್ದಾರರ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದ ಗಜಾಲಾ ಇವಳೇನಾ? ಸ್ವಂತ ಅಣ್ಣನೇ ಬಂದು ತನ್ನ ಹೆಂಡತಿಯನ್ನು ಸದಸ್ಯೆ ಮಾಡಿಕೊಳ್ಳಿ ಎಂದಾಗ, ನಿಯಮದ ಪ್ರಕಾರ ಅರ್ಜಿ ಬರೆದು ಕೊಡು ಎಂದು ಮುಖಕ್ಕೆ ಹೇಳಿದ ಮೀರಾಬಾಯಿ? ಮೇಡಂ ಒಂದೊಂದು ಉತ್ತರಕ್ಕೂ ಹಾಳೆಯ ಮೇಲೆ ಏನೋ ಬರೆದುಕೊಂಡು, ನಡುನಡುವೆ ಅವನ ಕಡೆ ನೋಡುತ್ತಿದ್ದರು. ಆ ನೋಟದಲ್ಲಿ ಬೈಗುಳವಿರಲಿಲ್ಲ, ಕರುಣೆಯಿತ್ತು, ಅದೇ ಅವನಿಗೆ ತಡೆಯಲಾಗಲಿಲ್ಲ. ಸಿಟ್ಟು ಇಳಿದ ಮೇಲೆ ಹೆದರಿಕೆ ಬಂತು. ನಾನು ಬಯಸಿದ್ದೇ ಇದನ್ನಲ್ಲವೇ, ನಾನಿಲ್ಲದಿದ್ದರೆ ಇವರಿಗೆ ನಡೆಯಬಾರದು ಎಂದು? ಎರಡು ಬರೆದು ಇವರನ್ನು ನಿಜವಾಗಿಯೂ ಎರಡಕ್ಕೇ ಇಳಿಸಿಬಿಟ್ಟೆನೇನೋ. ಧೂಳಮ್ಮನ ಕೈಯ ಬಟ್ಟೆಯ ಗಂಟು ಸಡಿಲವಾಗಿತ್ತು, ಅವಳು ಎಡಗೈಯಿಂದ ಅದನ್ನು ಬಿಗಿ ಮಾಡಿಕೊಳ್ಳುತ್ತಿದ್ದಳು. ಈ ಕೈ ಇನ್ನೂ ಒಂದು ವರ್ಷ ತಾಳುತ್ತದೆಯೇ ಎಂದು ಅವನು ಆ ಗಂಟನ್ನೇ ನೋಡುತ್ತ ಕೂತ.

ಮೇಡಂ ಕೊನೆಗೆ ಸಭೆಯ ಠರಾವು ಪುಸ್ತಕ ನೋಡಬಹುದೇ ಎಂದರು. ಅದೂ ಸರ್ ಮನೆಯಲ್ಲಿದೆ ಎಂದಳು ಗಜಾಲಾ. ಅದು ಶುದ್ಧ ಸುಳ್ಳು. ಪುಸ್ತಕವನ್ನು ಸಂಘದ ಕೋಣೆಯ ಆಚೆ ಒಯ್ಯಬಾರದೆಂಬುದು ಅವರದೇ ನಿಯಮ, ಅವನಿಗೂ ಒಂದು ಸಲ ಕೊಟ್ಟಿರಲಿಲ್ಲ. ಆಗ ಹಿಂದಿನ ಸಾಲಿನಿಂದ ಮುನ್ನಿ ಬೀ ಎದ್ದಳು. ಅರವತ್ತು ದಾಟಿದ, ಮಾತು ಕಡಿಮೆಯ ಹೆಂಗಸು, ಬೇಳೆ ಆರಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ತೊಗರಿ ಚೀಲದ ಹಿಂದೆ ಕೈಹಾಕಿ, ಕೆಂಪು ರಟ್ಟಿನ ಪುಸ್ತಕ ತೆಗೆದು, ಸೆರಗಿನಿಂದ ಧೂಳು ಒರೆಸಿ, ತಂದು ಸತೀಶಕುಮಾರನ ಮಡಿಲಲ್ಲಿ ಇಟ್ಟಳು. ಗಜಾಲಾ ಗಾಬರಿಯಿಂದ ಅವಳ ಕಡೆ ನೋಡಿದಳು. ಮುನ್ನಿ ಬೀ ಶಾಂತವಾಗಿ ಹೇಳಿದಳು. "ಬಾಯಿ ಬಿಡಬಾರದಂತ ಠರಾವು ಆಗ್ಯದ, ನಾ ಬಿಟ್ಟಿಲ್ಲ. ಕಿತಾಬ್ ತೋರಸಬಾರದಂತ ಆಗಿಲ್ಲ."

ಅವನು ಪುಸ್ತಕ ತೆರೆದ. ನಿನ್ನೆಯ ತಾರೀಖು, ಬುಧವಾರ. ಗಜಾಲಾಳ ದುಂಡನೆಯ ಅಕ್ಷರ, ಅವನೇ ಕಲಿಸಿದಂತೆ ಎಡಗಡೆ ಗೆರೆ ಹಾಕಿ. ಹಾಜರಿ ಹತ್ತೊಂಬತ್ತು, ಗೈರು ಇಬ್ಬರು, ಕಾರಣ ಬಾಣಂತನ ಮತ್ತು ಹೊಲದ ಕೆಲಸ. ವಿಷಯ: ನಾಳೆ ಬರುವ ಮೇಡಂ ಅವರಿಗೆ ಏನು ಹೇಳುವುದು. ಚರ್ಚೆ: ನಾವು ಪಾಸಾದರೆ ಸರ್ ಅವರ ನೌಕರಿ ಹೋಗುತ್ತದೆ, ಮನೆಯಲ್ಲಿ ಕೂರಬೇಕಾಗುತ್ತದೆ ಎಂದು ಅವರೇ ಹೇಳಿದ್ದಾರೆಂದು ಅಧ್ಯಕ್ಷರು ತಿಳಿಸಿದರು. ಹೋದ ವರ್ಷ ಎರಡು ಬರೆಯುವಾಗ ಸರ್ ಅವರ ಕೈ ನಡುಗಿತ್ತು, ನಮ್ಮನ್ನು ಬಿಡಲು ಅವರಿಗೆ ಮನಸ್ಸಿಲ್ಲ ಎಂದು ಮೀರಾಬಾಯಿ ಹೇಳಿದರು. ಸರ್ ಅವರನ್ನು ಕಚೇರಿಯಲ್ಲಿ ಯಾರೂ ಮಾತಾಡಿಸುವುದಿಲ್ಲ, ಫೋನ್ ಮಾಡಿದಾಗ ಗೊತ್ತಾಗುತ್ತದೆ ಎಂದು ಕಾರ್ಯದರ್ಶಿ ಹೇಳಿದರು. ಗಿರಣಿ ಇನ್ನೊಂದು ವರ್ಷ ತಡವಾದರೆ ನಡೆಯುತ್ತದೆ ಎಂದು ಅಧ್ಯಕ್ಷರು ಹೇಳಿದರು. ಕೈ ನೋವಿದೆ, ನೀವು ಹಾಗೆ ಹೇಳಬಾರದು ಎಂದು ಇಬ್ಬರು ಸದಸ್ಯರು ಹೇಳಿದರು, ಅಧ್ಯಕ್ಷರು ಒಪ್ಪಲಿಲ್ಲ. ಠರಾವು: ನಾಳೆ ಎಲ್ಲ ಪ್ರಶ್ನೆಗೆ ತಪ್ಪು ಉತ್ತರ ಕೊಡುವುದು, ಈ ವಿಷಯವನ್ನು ಯಾರ ಮುಂದೆಯೂ ಬಾಯಿ ಬಿಡಬಾರದು. ಪರ ಹದಿನೆಂಟು. ವಿರೋಧ ಒಂದು, ಮುನ್ನಿ ಬೀ. ಅವರ ಕಾರಣ: ಸರ್ ಅವರ ಮೇಲೆ ನನಗೂ ಮಾಯೆ ಮಮತೆ ಇದೆ, ಆದರೆ ಸುಳ್ಳು ಬರೆಯಬೇಡಿ ಎಂದು ಕಲಿಸಿದವರು ಅವರೇ. ಕೆಳಗೆ ಹತ್ತೊಂಬತ್ತು ಸಹಿ ಮತ್ತು ಹೆಬ್ಬೆಟ್ಟು.

ಅಕ್ಷರಗಳು ಮಂಜಾದವು. ತಾನು ಬಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡದ್ದೆಲ್ಲ ಇವರಿಗೆ ಮೊದಲೇ ಗೊತ್ತಿತ್ತು. ಝೆರಾಕ್ಸ್ ಯಂತ್ರದ ಪಕ್ಕದ ಮೇಜೂ ಗೊತ್ತಿತ್ತು. ಗೊತ್ತಿದ್ದೂ ಒಬ್ಬರೂ ಆಡಿ ತೋರಿಸಲಿಲ್ಲ, ಒಂದು ವರ್ಷ ಬೀಸುಕಲ್ಲು ತಿರುಗಿಸುತ್ತ ಬುಧವಾರ ಬುಧವಾರ ಕುರ್ಚಿ ಒರೆಸಿಟ್ಟರು. ನಾಚಿಕೆಯಿಂದ ಅವನಿಗೆ ಎಲ್ಲಿಯಾದರೂ ಎದ್ದು ಹೋಗಿಬಿಡಬೇಕೆನಿಸಿತು, ಅದೇ ಹೊತ್ತಿಗೆ ಇಷ್ಟು ಪ್ರೀತಿ ತನ್ನ ಪಾಲಿಗೆ ಬಂದಿತೇ ಎಂದು ಎದೆ ತುಂಬಿತು. ಮೇಡಂಗೆ ಕನ್ನಡ ಓದಲು ಬಾರದು. ಮಾಮೂಲು ಸಭೆ, ಹಾಜರಿ ಇಷ್ಟು ಎಂದು ಪುಟ ತಿರುವಿದರೆ ಮುಗಿಯಿತು, ಇನ್ನೊಂದು ವರ್ಷ ಬುಧವಾರಗಳೆಲ್ಲ ಅವನವೇ. ಹದಿನೆಂಟು ಜನ ತಮ್ಮ ಕೈಯಾರೆ ಅವನಿಗೆ ಕೊಟ್ಟ ವರ್ಷ ಅದು. ಅವನ ಬೆರಳು ಪುಟದ ತುದಿಯಲ್ಲೇ ಇತ್ತು. ಎದುರಿಗೆ ಮುನ್ನಿ ಬೀ, ಕೂರದೆ, ಹಾಗೇ ನಿಂತಿದ್ದಳು. ಆ ಹಾಳೆಯಲ್ಲಿ ಹದಿನೆಂಟು ಜನರ ಎದುರು ಒಬ್ಬಳೇ ನಿಂತದ್ದೂ ಹೀಗೆಯೇ ಇರಬೇಕು.

ಅವನು ಮೊದಲ ಸಾಲಿನಿಂದ ಓದತೊಡಗಿದ. ಒಂದೊಂದೇ ಸಾಲು ಕನ್ನಡದಲ್ಲಿ ಓದಿ, ಮೇಡಂಗಾಗಿ ಹಿಂದಿಯಲ್ಲಿ ಹೇಳಿದ. ತನ್ನ ಕೈ ನಡುಗಿದ ಸಾಲನ್ನೂ ಬಿಡಲಿಲ್ಲ, ಕಚೇರಿಯಲ್ಲಿ ಯಾರೂ ಮಾತಾಡಿಸುವುದಿಲ್ಲ ಎಂಬುದನ್ನೂ ಬಿಡಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಿ, ಎರಡು ಭಾಷೆಯಲ್ಲೂ ಹೇಳಿದ. ಹೋದ ವರ್ಷ ಏಳನೆಯ ಕಲಮಿಗೆ ಮೂರು ಬರೆಯಬೇಕಿತ್ತು. ತಿಳಿದೂ ತಿಳಿದೂ ಎರಡು ಬರೆದೆ. ತಪ್ಪು ನನ್ನದು. ನೌಕರಿ ಹೋಗುವುದಿಲ್ಲ, ನಿರ್ಣಾಕ್ಕೆ ಕಳಿಸುತ್ತಾರೆ, ಅದನ್ನು ನಿಮಗೆ ಹೇಳದೆ ಇದ್ದದ್ದೂ ತಪ್ಪೇ. ನಿನ್ನೆ ಜ್ವರವೂ ಇರಲಿಲ್ಲ.

ಸರ್ವರಿ ಮೇಡಂ ತಾವು ಬರೆದುಕೊಂಡಿದ್ದ ಹಾಳೆಯನ್ನು ಮಡಚಿ ಬದಿಗಿಟ್ಟರು. ಆಮೇಲೆ ಧೂಳಮ್ಮನಿಗೆ, ಬೇಕಿದ್ದರೆ ಪ್ರಶ್ನೆಗಳನ್ನು ಮೊದಲಿನಿಂದ ಕೇಳುತ್ತೇನೆ, ನೀವು ಏನು ಹೇಳುತ್ತೀರಿ ಎಂದರು. ಠರಾವು ಆಗಿಬಿಟ್ಟಿದೆ, ಅದನ್ನು ರದ್ದು ಮಾಡಬೇಕೆಂದರೆ ಮತ್ತೆ ಸಭೆ ಕೂಡಬೇಕು, ಅಧ್ಯಕ್ಷೆ ಒಬ್ಬಳೇ ಹೇಳಿದರೆ ನಡೆಯುವುದಿಲ್ಲ ಎಂದಳು ಧೂಳಮ್ಮ. ಗಜಾಲಾ ಆಗಲೇ ತಲೆ ಎಣಿಸಿ, ಇಪ್ಪತ್ತು ಜನ ಇದ್ದೇವೆ, ಕೂಡಬಹುದು ಎಂದಳು. ಅವನು ಚಾಪೆಯ ಮೇಲೆ ಸರಿದು, ಎಂದಿನಂತೆ ಸಭೆ ನೋಡಲೆಂದು ಗೋಡೆಗೆ ಒರಗಿ ಕೂತ. ಧೂಳಮ್ಮ ಅವನನ್ನು ನೋಡಿದಳು. ಆ ಬೆಳಿಗ್ಗೆ ಅವಳು ಅವನ ಕಣ್ಣಿಗೆ ಕಣ್ಣು ಕೊಟ್ಟದ್ದು ಅದೇ ಮೊದಲು.

"ತಮ್ಮಾ, ನೀ ಹೊರಗ ಕುಂದ್ರಬೇಕಪಾ. ನೀ ಮೆಂಬರ್ ಅಲ್ಲ."

ಮೂರು ವರ್ಷದಲ್ಲಿ ಅವಳು ಅವನನ್ನು ಸರ್ ಎಂದಲ್ಲದೆ ಬೇರೆ ರೀತಿ ಕರೆದಿರಲಿಲ್ಲ. ಆ ನಿಯಮವೂ ಅವನದೇ. ಮೊದಲ ವರ್ಷ ಹೆಂಗಸರ ಗಂಡಂದಿರು ಬಂದು ಬಾಗಿಲಲ್ಲಿ ಕೂತು, ನಡುನಡುವೆ ಬಾಯಿ ಹಾಕುತ್ತಿದ್ದಾಗ, ಸದಸ್ಯರಲ್ಲದವರು ಮತ ಹಾಕುವ ಹೊತ್ತಿಗೆ ಒಳಗಿರಬಾರದೆಂದು ಅವನೇ ಬರೆಸಿದ್ದ. ಅದು ತನಗೂ ಅನ್ವಯಿಸುತ್ತದೆ ಎಂದು ಅವನಿಗೂ ಹೊಳೆದಿರಲಿಲ್ಲ, ಅವರೂ ಇಲ್ಲಿಯವರೆಗೆ ಹೇಳಿರಲಿಲ್ಲ. ಅವನು ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಬಂದ. ಮೇಡಂ ಕೂಡ ಬಂದು, ಅವನ ಭುಜವನ್ನೊಮ್ಮೆ ಮುಟ್ಟಿ ಕಾರಿನ ಕಡೆ ಹೋದರು. ಹಿಂದೆ ಬಾಗಿಲು ಮುಚ್ಚಿಕೊಂಡಿತು.

ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಅವನು ಕೂತ. ಪಕ್ಕದಲ್ಲಿ ಚಾದರ ಹಾಸಿ ನೆನೆಸಿದ ತೊಗರಿ ಒಣಹಾಕಿದ್ದರು, ಅದರ ಹಸಿ ವಾಸನೆ ಬಿಸಿಲಿಗೆ ಏಳುತ್ತಿತ್ತು. ಒಂದು ಕೋಳಿ ಬಂದಾಗ ಓಡಿಸಿದ. ಒಳಗಿನಿಂದ ದನಿಗಳು ಕೇಳುತ್ತಿದ್ದವು, ಮಾತು ತಿಳಿಯುತ್ತಿರಲಿಲ್ಲ. ಒಮ್ಮೆ ಮೀರಾಬಾಯಿಯ ದನಿ ಏರಿತು, ಒಮ್ಮೆ ಎಲ್ಲರೂ ನಕ್ಕರು, ಆಮೇಲೆ ಒಬ್ಬಳ ದನಿಯೇ ಬಹಳ ಹೊತ್ತು ನಡೆಯಿತು, ಅದು ಮುನ್ನಿ ಬೀಯದಿರಬೇಕು ಎನಿಸಿತು. ತನ್ನ ಬಗ್ಗೆಯೇ ಏನಾದರೂ ಅನ್ನುತ್ತಿರಬಹುದು. ಮೂರು ವರ್ಷ ಆ ಕೋಣೆಯಲ್ಲಿ ಅವನಿಗೆ ಗೊತ್ತಿಲ್ಲದೆ ಒಂದು ನಿರ್ಧಾರವೂ ಆಗಿರಲಿಲ್ಲ ಎಂದುಕೊಂಡಿದ್ದ. ಈಗ ಒಳಗೆ ಏನಾಗುತ್ತದೆಂದು ಅವನಿಗೆ ಒಂದಿಷ್ಟೂ ಗೊತ್ತಿಲ್ಲ. ಮನಸ್ಸಿಗೆ ನೋವಾಯಿತು, ಆ ನೋವಿನಲ್ಲೇ ಬಹಳ ದಿನದ ಮೇಲೆ ಹಗುರವೂ ಆಯಿತು. ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿ ಮುದುಡಿಹೋಗಿತ್ತು. ಮನೀಷಾಗೆ ಸಂಜೆ ಎಲ್ಲವನ್ನೂ, ಆ ಎರಡರ ಅಂಕಿಯನ್ನೂ ಸೇರಿಸಿ, ಹೇಳಬೇಕು ಎಂದುಕೊಂಡ.

ಬಾಗಿಲು ತೆಗೆದು ಗಜಾಲಾ ಕರೆದಳು. ಅವನೂ ಮೇಡಂ ಅವರೂ ಒಳಗೆ ಹೋದ ಮೇಲೆ ನಿಂತುಕೊಂಡೇ ಓದಿದಳು. ನಿನ್ನೆಯ ಠರಾವು ರದ್ದು. ಮೇಡಂ ಅವರಿಗೆ ನಿಜವಾದ ಉತ್ತರ ಕೊಡುವುದು. ಹೋದ ವರ್ಷದ ತಪ್ಪನ್ನು ಸತೀಶಕುಮಾರ ಅವರು ಸಭೆಯ ಮುಂದೆ ಒಪ್ಪಿಕೊಂಡಿದ್ದಾರೆ, ಇದನ್ನು ದಾಖಲಿಸಲಾಗಿದೆ. ಅವರು ನಿರ್ಣಾಕ್ಕೆ ಹೋಗಲು ಸಂಘದ ತಕರಾರಿಲ್ಲ. ಬೇಕಿದ್ದರೆ ಅಲ್ಲಿಯ ಹೆಂಗಸರಿಗೆ ಹೇಳಿಕೊಡಲು ಮುನ್ನಿ ಬೀ ಅವರನ್ನು ಕಳಿಸುವುದು. ಪರ ಇಪ್ಪತ್ತು. ವಿರೋಧ ಇಲ್ಲ. ದಾಖಲಿಸಲಾಗಿದೆ ಎಂಬಲ್ಲಿ ಅವಳ ದನಿ ಸ್ವಲ್ಪ ತಡವರಿಸಿತು, ಆದರೂ ಓದಿದಳು. ಅವನು ತಲೆಯಾಡಿಸಿದ. ಹಾಗೆ ಬರೆಯದಿದ್ದರೆ ಅವನೇ ಬರೆಯಿರಿ ಎನ್ನುತ್ತಿದ್ದ.

ಪ್ರತಿ ಠರಾವಿನ ಕೊನೆಗೂ ಮಾರ್ಗದರ್ಶಕರು ಎಂದು ಅವನ ಸಹಿ ಇರುತ್ತಿತ್ತು. ಅಭ್ಯಾಸಬಲದಿಂದ ಅವನು ಜೇಬಿನ ಪೆನ್ನು ತೆಗೆದು ಮುಂದೆ ಬಂದ. ಗಜಾಲಾ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಧೂಳಮ್ಮನ ಕಡೆ ನೋಡಿದಳು. ಧೂಳಮ್ಮ ಆಗಲೇ ರೊಟ್ಟಿಯ ಬುಟ್ಟಿಯ ಮೇಲಿನ ಬಟ್ಟೆ ಸರಿಸುತ್ತಿದ್ದಳು, ಎಡಗೈಯಿಂದ.

"ಸಹಿ ಆಗ್ಯಾವಪಾ, ಎಲ್ಲಾರದೂ" ಎಂದಳು. "ನೀ ಉಣ್ಣಾಕ ಕುಂದ್ರು."

ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ಅವರು ಸರಿದು ಬಿಟ್ಟುಕೊಟ್ಟ ಜಾಗದಲ್ಲಿ, ಮುನ್ನಿ ಬೀಯ ಪಕ್ಕ ಕೂತ.